ಗೋವಿನಜೋಳದ ಲೋಟ ಮತ್ತು ವಾಲೇಸ್ ಕ್ಯಾರೊದರ್ಸ್

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಇಂಡಿ ತಾಲ್ಲೂಕಿನ ತಾಂಬಾದ ಒಂದು ಪ್ರೌಢಶಾಲೆ. ಎಂಟನೆಯ ತರಗತಿಗೆ ಸಂಶ್ಲೇಷಿತ ಎಳೆಗಳು ಮತ್ತು ಪ್ಲಾಸ್ಟಿಕ್‌ಗಳ ಪಾಠವನ್ನು ಮೂರು ಅವಧಿಗಳಲ್ಲಿ ಮುಗಿಸಬೇಕಿತ್ತು. ಮೊದಲ ಅವಧಿ ಚೆನ್ನಾಗಿ ನಡೆಯಲಿಲ್ಲ. ಪಾಠ ಯೋಜನೆ ಬಾಯಿಪಾಠವಾಗಿತ್ತು. ಆದರೆ ಮಕ್ಕಳ ಮುಂದೆ ನಿಂತ ಕೂಡಲೇ ಗಂಟಲು ಒಣಗಿತು. ಅರ್ಧ ಪಾಠವನ್ನು ಕಪ್ಪು ಹಲಗೆಯ ಕಡೆ ಮುಖ ಮಾಡಿಯೇ ಹೇಳಿ ಮುಗಿಸಿದೆ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದೂ ಅದನ್ನೇ.

ಎರಡನೆಯ ದಿನ ಹಿಂದಿನ ಸಾಲಿನ ಹುಡುಗನೊಬ್ಬ ಚೀಲದಿಂದ ಒಂದು ಪಾರದರ್ಶಕ ಲೋಟ ತೆಗೆದು ಮೇಜಿನ ಮೇಲಿಟ್ಟ. ಯಾವುದೋ ಮದುವೆಯಲ್ಲಿ ನೀರು ಕೊಟ್ಟ ಲೋಟ ಅದು. ಗೋವಿನಜೋಳದಿಂದ ಮಾಡಿದ್ದು, ಮಣ್ಣಿನಲ್ಲಿ ಕೊಳೆಯುತ್ತದೆ ಎಂದು ಅದರ ಮೇಲೆ ಅಚ್ಚಾಗಿತ್ತಂತೆ. ಅವನ ಅಜ್ಜ ಅದನ್ನು ದೀಪಾವಳಿಯ ಹೊತ್ತಿಗೆ ತಿಪ್ಪೆಗೆ ಎಸೆದಿದ್ದರು. ಬೇಸಿಗೆಯಲ್ಲಿ ಗೊಬ್ಬರವನ್ನು ಹೊಲಕ್ಕೆ ಹೇರುವಾಗ ಲೋಟ ಹಾಗೆಯೇ ಹೊರಬಂತು. ಜೋಳದ ದಂಟು, ಎಲೆ, ಸೆಗಣಿ ಎಲ್ಲ ಗೊಬ್ಬರವಾದವು, ಇದೊಂದು ಏಕೆ ಆಗಲಿಲ್ಲ ಎಂದು ಅವನು ಕೇಳಿದ. ಪ್ಲಾಸ್ಟಿಕ್ ಕೊಳೆಯುವುದಿಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ಜೋಳ ಕೊಳೆಯುತ್ತದಲ್ಲ ಎಂಬ ಅವನ ಮರುಪ್ರಶ್ನೆ ಆಗಲೇ ತಯಾರಾಗಿತ್ತು. ನಾಳೆ ಹೇಳುತ್ತೇನೆ ಎಂದು ಒಪ್ಪಿಕೊಂಡು ಬಂದೆ.

ಉತ್ತರ ಹುಡುಕುತ್ತ ಹೋದಾಗ ಒಬ್ಬ ವ್ಯಕ್ತಿಯ ಹೆಸರು ಎರಡು ಕಡೆ ಸಿಕ್ಕಿತು. ನೈಲಾನ್ ಕಂಡುಹಿಡಿದವರೆಂದು ನಾವೆಲ್ಲ ಕೇಳಿರುವ ಹೆಸರು ಅದು. ಆ ಲೋಟದ ವಸ್ತುವಿನ ಆರಂಭದ ಚರಿತ್ರೆಯಲ್ಲೂ ಅದೇ ಹೆಸರಿತ್ತು: ವಾಲೇಸ್ ಹ್ಯೂಮ್ ಕ್ಯಾರೊದರ್ಸ್. ಅವರ ಬದುಕನ್ನು ನನ್ನ ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಪಾಠಕ್ಕೆ ಇದು ಉಪಯೋಗವಾಗುತ್ತದೆ. ತರಗತಿಯ ಮುಂದೆ ನಿಲ್ಲಲು ಹೆದರುವವರಿಗೂ ಇದರಲ್ಲಿ ತಿಳಿಯಬೇಕಾದ್ದು ಇದೆ.

ಮೇಷ್ಟ್ರ ಮಗ

ಕ್ಯಾರೊದರ್ಸ್ ಹುಟ್ಟಿದ್ದು 1896ರ ಏಪ್ರಿಲ್ 27ರಂದು, ಅಮೆರಿಕದ ಅಯೋವಾ ರಾಜ್ಯದ ಬರ್ಲಿಂಗ್ಟನ್ ಪಟ್ಟಣದಲ್ಲಿ. ನಮ್ಮ ಸೀಮೆಗೆ ಬಿಳಿಜೋಳ ಹೇಗೋ ಅಯೋವಾಕ್ಕೆ ಗೋವಿನಜೋಳ ಹಾಗೆ. ನಾಲ್ಕು ಮಕ್ಕಳಲ್ಲಿ ಅವರೇ ಹಿರಿಯರು. ಐದು ವರ್ಷದವರಿದ್ದಾಗ ಮನೆಯವರೆಲ್ಲ ಡೆ ಮೊಯ್ನ್ ನಗರಕ್ಕೆ ಬಂದರು. ತಂದೆ ಅಲ್ಲಿನ ವಾಣಿಜ್ಯ ಕಾಲೇಜಿನಲ್ಲಿ ಬೋಧಕರಾಗಿದ್ದು, ಮುಂದೆ ಅದರ ಉಪಾಧ್ಯಕ್ಷರಾದರು. ಮಗ 1914ರಲ್ಲಿ ಪ್ರೌಢಶಾಲೆ ಮುಗಿಸಿ ತಂದೆಯ ಕಾಲೇಜಿನಲ್ಲಿಯೇ ಲೆಕ್ಕಪತ್ರ ಬರೆಯುವ ಶಿಕ್ಷಣ ಪಡೆದರು. ಮನಸ್ಸು ಅದರಲ್ಲಿ ನಿಲ್ಲಲಿಲ್ಲ. 1915ರಲ್ಲಿ ಮಿಸೌರಿ ರಾಜ್ಯದ ಟಾರ್ಕಿಯೊ ಎಂಬ ಸಣ್ಣ ಕಾಲೇಜು ಸೇರಿದರು.

ಅಲ್ಲಿಯೂ ಮೊದಲು ಆರಿಸಿಕೊಂಡದ್ದು ಇಂಗ್ಲಿಷ್. ರಸಾಯನಶಾಸ್ತ್ರದ ಕಡೆ ತಿರುಗಿಸಿದವರು ಆರ್ಥರ್ ಪಾರ್ಡಿ ಎಂಬ ಅಧ್ಯಾಪಕರು. ಮೊದಲ ಮಹಾಯುದ್ಧದ ಆ ದಿನಗಳಲ್ಲಿ ಪಾರ್ಡಿ ಕಾಲೇಜು ಬಿಟ್ಟು ಹೋದರು. ಅವರ ಜಾಗಕ್ಕೆ ಯಾರೂ ಸಿಗಲಿಲ್ಲ. ಇನ್ನೂ ಪದವಿ ಮುಗಿಯದ ಕ್ಯಾರೊದರ್ಸ್ ಅವರಿಗೇ ರಸಾಯನಶಾಸ್ತ್ರದ ತರಗತಿಗಳನ್ನು ಒಪ್ಪಿಸಲಾಯಿತು. ಅದೊಂದು ಬೋಧನಾಭ್ಯಾಸವೇ, ಆದರೆ ಮಾರ್ಗದರ್ಶಕರೂ ಇಲ್ಲ, ವೀಕ್ಷಣಾ ಪುಸ್ತಕವೂ ಇಲ್ಲ. ವಿದ್ಯಾರ್ಥಿಯೂ ಬೋಧಕರೂ ಆಗಿದ್ದು ಅವರು 1920ರಲ್ಲಿ, 24ನೆಯ ವಯಸ್ಸಿಗೆ ಪದವಿ ಪಡೆದರು.

ಮುಂದಿನ ವರ್ಷ ಇಲಿನಾಯ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಬಂತು. ಅನಂತರ ಒಂದು ವರ್ಷ ಸೌತ್ ಡಕೋಟ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಮತ್ತೆ ಇಲಿನಾಯ್‌ಗೆ ಮರಳಿ ರೋಜರ್ ಆಡಮ್ಸ್ ಅವರ ಮಾರ್ಗದರ್ಶನದಲ್ಲಿ 1924ರಲ್ಲಿ ಡಾಕ್ಟರೇಟ್ ಪಡೆದರು. 1926ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬೋಧಕರಾಗಿ ಹೋದರು.

ಇಷ್ಟು ವರ್ಷ ಪಾಠ ಹೇಳಿದರೂ ತುಂಬಿದ ತರಗತಿಯ ಮುಂದೆ ಉಪನ್ಯಾಸ ಕೊಡುವುದು ಅವರಿಗೆ ಸುಲಭವಾಗಲಿಲ್ಲ. ಸಂಕೋಚದ ಸ್ವಭಾವದವರು. ಪ್ರಯೋಗಾಲಯದಲ್ಲಿ ಒಬ್ಬರೋ ಇಬ್ಬರೋ ಜೊತೆಗಿದ್ದರೆ ಮಾತು ಸರಾಗವಾಗಿ ಬರುತ್ತಿತ್ತು. ಸಭೆಯೆಂದರೆ ಹಿಂಜರಿಕೆ. ಇದನ್ನು ಓದಿದ ರಾತ್ರಿ ನನಗೆ ಸಮಾಧಾನವಾಯಿತು ಎಂದರೆ ಸುಳ್ಳಲ್ಲ. ಆದರೆ ಆ ಸಂಕೋಚದ ಕೆಳಗೆ ಬೇರೊಂದು ಕಷ್ಟವಿತ್ತು. ತರುಣರಿದ್ದಾಗಿನಿಂದಲೂ ಅವರಿಗೆ ಮನಸ್ಸು ಕುಗ್ಗುವ ಕಾಯಿಲೆ ಇತ್ತು. ಅದು ಬಂದಾಗ ವಾರಗಟ್ಟಲೆ ಕೆಲಸವೇ ಸಾಗುತ್ತಿರಲಿಲ್ಲ.

ಡ್ಯೂಪಾಂಟ್ ಪ್ರಯೋಗಾಲಯ

1927ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಹೊಸದೊಂದು ಯೋಚನೆ ಮಾಡಿತು. ಕೂಡಲೇ ಮಾರುವ ವಸ್ತು ಬೇಡ, ಮೂಲ ವಿಜ್ಞಾನದ ಸಂಶೋಧನೆಗೇ ಒಂದು ತಂಡವಿರಲಿ ಎಂದು ಅದರ ಸಂಶೋಧನಾ ಮುಖ್ಯಸ್ಥ ಚಾರ್ಲ್ಸ್ ಸ್ಟೈನ್ ಒಪ್ಪಿಸಿದರು. ಸಾವಯವ ರಸಾಯನಶಾಸ್ತ್ರದ ತಂಡಕ್ಕೆ ಕ್ಯಾರೊದರ್ಸ್ ಅವರನ್ನು ಕರೆದರು. ಅವರು ಮೊದಲು ಒಲ್ಲೆ ಎಂದರು. ತಮ್ಮ ಮನಸ್ಸಿನ ಕಾಯಿಲೆಯಿಂದ ಆಗಾಗ ಕೆಲಸದ ಶಕ್ತಿ ಕುಂದುತ್ತದೆ, ಕಂಪನಿಯಲ್ಲಿ ಅದು ಹೆಚ್ಚು ತೊಡಕಾದೀತು ಎಂದು ಮುಚ್ಚುಮರೆ ಇಲ್ಲದೆ ಬರೆದು ತಿಳಿಸಿದರು. ಕಂಪನಿಯವರು ಮತ್ತೆ ಬಂದು ಒತ್ತಾಯಿಸಿದ ಮೇಲೆ ಒಪ್ಪಿ, 1928ರ ಫೆಬ್ರುವರಿಯಲ್ಲಿ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ ಕೆಲಸಕ್ಕೆ ಸೇರಿದರು.

ಆ ಕಾಲದಲ್ಲಿ ವಿಜ್ಞಾನಿಗಳ ನಡುವೆ ಒಂದು ವಾದ ನಡೆದಿತ್ತು. ರಬ್ಬರ್, ರೇಷ್ಮೆ, ಹತ್ತಿಯಂಥ ವಸ್ತುಗಳ ಒಳಗೆ ಇರುವುದು ಸಣ್ಣ ಅಣುಗಳು ಗುಂಪುಗೂಡಿ ಅಂಟಿಕೊಂಡ ರಚನೆಯೋ, ಇಲ್ಲವೆ ಸಾವಿರಾರು ಪರಮಾಣುಗಳ ಒಂದೇ ಉದ್ದ ಸರಪಳಿಯೋ? ಸರಪಳಿಯೇ ಎಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಿಂದ ಹೇಳುತ್ತ ಬಂದಿದ್ದರು. ಒಪ್ಪದವರೇ ಹೆಚ್ಚು. ಕ್ಯಾರೊದರ್ಸ್ ವಾದಕ್ಕೆ ಇಳಿಯಲಿಲ್ಲ. ಸಣ್ಣ ಅಣುಗಳನ್ನು ಒಂದೊಂದಾಗಿ, ತಿಳಿದ ರಾಸಾಯನಿಕ ಕ್ರಿಯೆಯಿಂದಲೇ ಜೋಡಿಸುತ್ತ ಹೋಗಿ ಸರಪಳಿ ಕಟ್ಟಿ ತೋರಿಸುತ್ತೇನೆ ಎಂಬುದು ಅವರ ದಾರಿ.

ಅವರು ಆರಿಸಿಕೊಂಡದ್ದು ಎಸ್ಟರ್ ಕ್ರಿಯೆ. ಆಮ್ಲ ಮತ್ತು ಆಲ್ಕೊಹಾಲ್ ಕೂಡಿದರೆ ಎಸ್ಟರ್ ಆಗುತ್ತದೆ, ಒಂದು ನೀರಿನ ಅಣು ಹೊರಬೀಳುತ್ತದೆ. ಎರಡೂ ತುದಿಯಲ್ಲಿ ಆಮ್ಲದ ಗುಂಪಿರುವ ಅಣುವನ್ನು ಎರಡೂ ತುದಿಯಲ್ಲಿ ಆಲ್ಕೊಹಾಲ್ ಗುಂಪಿರುವ ಅಣುವಿಗೆ ಸೇರಿಸಿದರೆ ಜೋಡಣೆ ನಿಲ್ಲದೆ ಮುಂದುವರಿಯಬೇಕು. ಆದರೆ ಒಂದು ಹಂತ ದಾಟಿದ ಮೇಲೆ ಸರಪಳಿ ಬೆಳೆಯುತ್ತಿರಲಿಲ್ಲ. ಹೊರಬಿದ್ದ ನೀರು ಅಲ್ಲಿಯೇ ಉಳಿದು ಕೊಂಡಿಗಳನ್ನು ಮತ್ತೆ ಬಿಡಿಸುತ್ತಿತ್ತು. ನಿರ್ವಾತದಲ್ಲಿ ಕಾಯಿಸಿ ಆ ನೀರನ್ನು ಪೂರ್ತಿ ಸೆಳೆದುಹಾಕುವ ಉಪಕರಣವೊಂದನ್ನು ಬಳಸಿದಾಗ ಸರಪಳಿ ಉದ್ದವಾಯಿತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ಹುಡುಗನ ಲೋಟದ ಉತ್ತರ ಇದರಲ್ಲೇ ಇದೆ.

1930ರ ಏಪ್ರಿಲ್ ತಿಂಗಳಲ್ಲಿ ಆ ತಂಡಕ್ಕೆ ಎರಡು ದೊಡ್ಡ ಫಲ ಸಿಕ್ಕವು. ಅರ್ನಾಲ್ಡ್ ಕಾಲಿನ್ಸ್ ಅವರ ಕೈಯಲ್ಲಿ ಕೃತಕ ರಬ್ಬರ್ ಆದ ನಿಯೋಪ್ರೀನ್ ಬಂತು. ಅದೇ ತಿಂಗಳು ಜೂಲಿಯನ್ ಹಿಲ್ ಕರಗಿದ ಪಾಲಿಎಸ್ಟರ್‌ಗೆ ಗಾಜಿನ ಕಡ್ಡಿ ಅದ್ದಿ ಎತ್ತಿದಾಗ ಎಳೆ ಬಂತು. ತಣ್ಣಗಾದ ಎಳೆಯನ್ನು ಜಗ್ಗಿದರೆ ಅದು ತುಂಡಾಗಲಿಲ್ಲ. ಹಲವು ಪಟ್ಟು ಉದ್ದವಾಗಿ ರೇಷ್ಮೆಯಂತೆ ಹೊಳೆದು, ಮೊದಲಿಗಿಂತ ಗಟ್ಟಿಯಾಯಿತು. ಅಡ್ಡಾದಿಡ್ಡಿ ಇದ್ದ ಸರಪಳಿಗಳು ಜಗ್ಗಿದಾಗ ಒಂದೇ ದಿಕ್ಕಿಗೆ ಸಾಲಾಗಿ ನಿಂತದ್ದು ಇದಕ್ಕೆ ಕಾರಣ.

ಎಳೆಯೇನೋ ಬಂತು, ಬಟ್ಟೆಯಾಗಲಿಲ್ಲ. ಅದು ಕಡಿಮೆ ಶಾಖಕ್ಕೇ ಕರಗುತ್ತಿತ್ತು. ಬಿಸಿನೀರಿಗೆ ಹಾಕಿದರೆ, ಇಸ್ತ್ರಿ ಮಾಡಿದರೆ ಉಳಿಯುತ್ತಿರಲಿಲ್ಲ.

ಬದಿಗಿಟ್ಟ ವಸ್ತು

1932ರಲ್ಲಿ ಕ್ಯಾರೊದರ್ಸ್ ಇಬ್ಬರು ಸಹೋದ್ಯೋಗಿಗಳೊಂದಿಗೆ, ಆರು ಪರಮಾಣುಗಳ ಉಂಗುರದ ಎಸ್ಟರ್‌ಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅವುಗಳಲ್ಲಿ ಲ್ಯಾಕ್ಟೈಡ್ ಒಂದು. ಇದರ ಮೂಲ ಲ್ಯಾಕ್ಟಿಕ್ ಆಮ್ಲ. 1780ರಲ್ಲಿ ಸ್ವೀಡನ್ನಿನ ಶೀಲೆ ಹುಳಿ ಹಾಲಿನಲ್ಲಿ ಗುರುತಿಸಿದ, ನಮ್ಮ ಮನೆಯ ಮೊಸರಿಗೆ ಹುಳಿ ಕೊಡುವ ಆಮ್ಲ.

ಲ್ಯಾಕ್ಟಿಕ್ ಆಮ್ಲದ ಒಂದೇ ಅಣುವಿನಲ್ಲಿ ಆಮ್ಲದ ಗುಂಪೂ ಇದೆ, ಆಲ್ಕೊಹಾಲ್ ಗುಂಪೂ ಇದೆ. ಎರಡು ಅಣುಗಳು ಎರಡೂ ಕಡೆ ಕೂಡಿ, ಎರಡು ನೀರಿನ ಅಣುಗಳನ್ನು ಬಿಟ್ಟರೆ ಲ್ಯಾಕ್ಟೈಡ್ ಎಂಬ ಉಂಗುರವಾಗುತ್ತದೆ. ಈ ಉಂಗುರವನ್ನು ಕಾಯಿಸಿದರೆ ಅದು ತೆರೆದುಕೊಂಡು, ಒಂದಕ್ಕೊಂದು ಜೋಡಿಸಿಕೊಂಡು ಸರಪಳಿಯಾಗುತ್ತದೆ ಎಂದು ಅವರು ತೋರಿಸಿದರು. ಉಂಗುರ ಸರಪಳಿಯಾಗುತ್ತದೆ, ಸರಪಳಿ ತಿರುಗಿ ಉಂಗುರವೂ ಆಗುತ್ತದೆ. ಆ ಸರಪಳಿಗೆ ಇಂದಿನ ಹೆಸರು ಪಾಲಿಲ್ಯಾಕ್ಟಿಕ್ ಆಮ್ಲ, ಚಿಕ್ಕದಾಗಿ ಪಿಎಲ್‌ಎ. ತಾಂಬಾದ ಹುಡುಗ ತಂದಿದ್ದ ಲೋಟ ಇದೇ ವಸ್ತುವಿನದು.

ಆದರೆ ಅಂದು ಸಿಕ್ಕಿದ್ದು ಚಿಕ್ಕ ಸರಪಳಿ. ಬಲವಿಲ್ಲ, ಶಾಖ ತಡೆಯುವುದಿಲ್ಲ, ನೀರು ತಗುಲಿದರೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಬಟ್ಟೆಯ ಎಳೆ ಹುಡುಕುತ್ತಿದ್ದವರಿಗೆ ಇದು ಬೇಡದ ಗುಣ. ಎಸ್ಟರ್‌ಗಳ ಕೆಲಸವನ್ನು ಬದಿಗಿಟ್ಟರು. ಅವರು ತಪ್ಪು ಮಾಡಿದರು ಎಂದು ಇಂದು ಕುಳಿತು ಹೇಳುವುದು ಸರಿಯಲ್ಲ. ಪ್ರಶ್ನೆ ಬಾಳಿಕೆಯದಾಗಿದ್ದಾಗ ಬಾಳದ ವಸ್ತುವನ್ನು ಬಿಟ್ಟದ್ದು ನ್ಯಾಯವೇ.

1934ರಲ್ಲಿ ಮತ್ತೆ ಎಳೆಯ ಕೆಲಸ ಹಿಡಿದಾಗ ಎಸ್ಟರ್ ಬದಲು ಅಮೈಡ್ ಕೊಂಡಿಯನ್ನು ಆರಿಸಿದರು. ರೇಷ್ಮೆ, ಉಣ್ಣೆಗಳ ಪ್ರೋಟೀನಿನಲ್ಲಿ ಇರುವುದೂ ಇದೇ ಕೊಂಡಿ. ಅದು ನೀರಿಗೆ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. 1935ರ ಫೆಬ್ರುವರಿ 28ರಂದು ಹೆಕ್ಸಾಮಿಥಿಲೀನ್ ಡೈಅಮೀನ್ ಮತ್ತು ಅಡಿಪಿಕ್ ಆಮ್ಲದಿಂದ, ಎರಡರಲ್ಲೂ ಆರಾರು ಇಂಗಾಲವಿರುವ ಪಾಲಿಮರ್ ತಯಾರಾಯಿತು. ಅದೇ ನೈಲಾನ್ 66. ಕರಗುವ ಶಾಖ 260 ಡಿಗ್ರಿ ಸೆಲ್ಸಿಯಸ್ ಹತ್ತಿರ. ಎಂಟನೆಯ ತರಗತಿಯ ಪಾಠದಲ್ಲಿ ನೈಲಾನಿಗೆ 1931ನೆಯ ವರ್ಷ ಕೊಟ್ಟಿದೆ. ಅದು ಎಳೆಗಳ ಸಂಶೋಧನೆ ನಡೆದಿದ್ದ ಕಾಲ. ನಾವು ಇಂದು ಬಳಸುವ ನೈಲಾನ್ ಹುಟ್ಟಿದ ದಿನ 1935ರದು. ಮಕ್ಕಳು ಕೇಳಿದರೆ ಎರಡನ್ನೂ ಬಿಡಿಸಿ ಹೇಳಬಹುದು.

ಕೊನೆಯ ವರ್ಷಗಳು

ಕೆಲಸ ಎತ್ತರಕ್ಕೆ ಏರುತ್ತಿದ್ದಂತೆ ಅವರ ಮನಸ್ಸು ಕೆಳಗಿಳಿಯುತ್ತಿತ್ತು. 1936ರ ಫೆಬ್ರುವರಿಯಲ್ಲಿ ಅದೇ ಕಂಪನಿಯಲ್ಲಿದ್ದ ಹೆಲೆನ್ ಸ್ವೀಟ್‌ಮನ್ ಅವರನ್ನು ಮದುವೆಯಾದರು. ಏಪ್ರಿಲ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಕೈಗಾರಿಕೆಯಲ್ಲಿ ಕೆಲಸ ಮಾಡುವ ಸಾವಯವ ರಸಾಯನಶಾಸ್ತ್ರಜ್ಞರಲ್ಲಿ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ಆ ವರ್ಷವೇ ಮಾನಸಿಕ ಚಿಕಿತ್ಸೆಗೆ ಫಿಲಡೆಲ್ಫಿಯಾದ ಆಸ್ಪತ್ರೆ ಸೇರಬೇಕಾಯಿತು. ತಾನು ಏನನ್ನೂ ಸಾಧಿಸಲಿಲ್ಲ, ಹೊಸ ವಿಚಾರಗಳು ಬತ್ತಿಹೋದವು ಎಂಬ ನಂಬಿಕೆ ಅವರಲ್ಲಿ ಬೇರೂರಿತ್ತು. 1937ರ ಜನವರಿಯಲ್ಲಿ ರೇಡಿಯೊದಲ್ಲಿ ಹಾಡುತ್ತಿದ್ದ ಪ್ರೀತಿಯ ತಂಗಿ ಇಸಾಬೆಲ್ ನ್ಯುಮೋನಿಯಾದಿಂದ ತೀರಿಕೊಂಡರು. ಆ ದುಃಖದಿಂದ ಅವರು ಮೇಲೇಳಲಿಲ್ಲ.

1937ರ ಏಪ್ರಿಲ್ 9ರಂದು ನೈಲಾನಿನ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಏಪ್ರಿಲ್ 29ರಂದು, 41 ವರ್ಷ ತುಂಬಿದ ಎರಡು ದಿನಕ್ಕೆ, ಅವರು ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಮಗಳು ಜೇನ್ ಹುಟ್ಟಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ನೈಲಾನ್ ಎಂಬ ಹೆಸರನ್ನು ಕಂಪನಿ ಲೋಕಕ್ಕೆ ಸಾರಿದ್ದು 1938ರ ಅಕ್ಟೋಬರ್‌ನಲ್ಲಿ. ಆ ಹೆಸರನ್ನು ಅವರು ಕೇಳಲಿಲ್ಲ. ಅವರ ಕೈಕೆಳಗೆ ಕೆಲಸ ಆರಂಭಿಸಿದ ಪಾಲ್ ಫ್ಲೋರಿ ಪಾಲಿಮರ್ ವಿಜ್ಞಾನದ ಕೆಲಸಕ್ಕಾಗಿ 1974ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ಈ ಭಾಗವನ್ನು ಎಂಟನೆಯ ತರಗತಿಯ ಮಕ್ಕಳಿಗೆ ಹೇಳಬೇಕೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಮುಚ್ಚಿಟ್ಟರೆ ಸುಳ್ಳು ಹೇಳಿದಂತೆ, ಎಲ್ಲ ಬಿಡಿಸಿ ಹೇಳಿದರೆ ಆ ವಯಸ್ಸಿನವರಿಗೆ ಹೊರೆ. ಮಾರ್ಗದರ್ಶಕ ಶಿಕ್ಷಕರನ್ನು ಕೇಳಿದೆ. ಸಾವಿನ ರೀತಿ ಬೇಡ, ಕಾಯಿಲೆಯ ಮಾತು ಬಿಡಬೇಡ ಎಂದರು. ಹಾಗೆಯೇ ಮಾಡಿದೆ. ಜ್ವರ ಬಂದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದು ಜಾಣರಿಗೂ ಬರುತ್ತದೆ, ಅದರಲ್ಲಿ ನಾಚಿಕೆಯಿಲ್ಲ, ಮನೆಯವರಿಗೋ ಗುರುಗಳಿಗೋ ಹೇಳಬೇಕು ಎಂದೆ. ಅವರ ಕಾಲದಲ್ಲಿ ಅದಕ್ಕೆ ಒಳ್ಳೆಯ ಔಷಧವಿರಲಿಲ್ಲ, ಇಂದು ಇದೆ ಎಂದೂ ಹೇಳಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416ನ್ನು ಹಲಗೆಯ ಮೂಲೆಯಲ್ಲಿ ಬರೆದು ಅವಧಿ ಮುಗಿಯುವ ತನಕ ಅಳಿಸಲಿಲ್ಲ. ಇಬ್ಬರು ಹುಡುಗಿಯರು ಅದನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡರು. ಏಕೆ ಎಂದು ನಾನು ಕೇಳಲಿಲ್ಲ. ಅವಧಿ ಮುಗಿದ ಮೇಲೆ ತರಗತಿ ಶಿಕ್ಷಕರ ಕಿವಿಗೆ ಮಾತ್ರ ಹಾಕಿ ಬಂದೆ.

ಲೋಟದ ಪ್ರಶ್ನೆಗೆ ಉತ್ತರ

ಬದಿಗಿಟ್ಟ ವಸ್ತುವಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1954ರಲ್ಲಿ ಅದೇ ಡ್ಯೂಪಾಂಟ್, ಲ್ಯಾಕ್ಟೈಡನ್ನು ಚೆನ್ನಾಗಿ ಶುದ್ಧಿಗೊಳಿಸಿ ಉದ್ದ ಸರಪಳಿ ಮಾಡುವ ಕ್ರಮಕ್ಕೆ ಪೇಟೆಂಟ್ ಪಡೆಯಿತು. ನೀರಿನಲ್ಲಿ ಬಿಚ್ಚಿಕೊಳ್ಳುವ ಗುಣದ ಬೆಲೆ ಮೊದಲು ತಿಳಿದದ್ದು ವೈದ್ಯರಿಗೆ. ಲ್ಯಾಕ್ಟೈಡ್ ಬೆರೆತ ಹೊಲಿಗೆ ದಾರ ದೇಹದೊಳಗೆ ತಾನಾಗಿಯೇ ಕರಗುತ್ತದೆ, ಬಿಚ್ಚಬೇಕಾಗಿಲ್ಲ. ಪ್ಲಾಸ್ಟಿಕ್ ಕಸ ಹೆಚ್ಚಾದಾಗ ಉಳಿದವರ ಕಣ್ಣೂ ಇತ್ತ ತಿರುಗಿತು. 2002ರಲ್ಲಿ ಅಮೆರಿಕದ ನೆಬ್ರಾಸ್ಕ ರಾಜ್ಯದ ಬ್ಲೇರ್‌ನಲ್ಲಿ ಗೋವಿನಜೋಳದಿಂದ ಪಿಎಲ್‌ಎ ಮಾಡುವ ದೊಡ್ಡ ಕಾರ್ಖಾನೆ ಶುರುವಾಯಿತು. ಕ್ಯಾರೊದರ್ಸ್ ಹುಟ್ಟಿದ ಅಯೋವಾಕ್ಕೆ ನೆಬ್ರಾಸ್ಕ ಪಕ್ಕದ ರಾಜ್ಯ.

ತಯಾರಿಕೆಯ ಹಂತಗಳು ಹೀಗಿವೆ. ಕಾಳಿನಿಂದ ಪಿಷ್ಟ ಬೇರ್ಪಡಿಸುತ್ತಾರೆ. ಕಿಣ್ವಗಳಿಂದ ಪಿಷ್ಟವನ್ನು ಗ್ಲೂಕೋಸ್ ಮಾಡುತ್ತಾರೆ. ಹಾಲನ್ನು ಮೊಸರು ಮಾಡುವ ಜಾತಿಯ ಬ್ಯಾಕ್ಟೀರಿಯಾಗಳು ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಅದರ ನೀರನ್ನು ತೆಗೆದು ಲ್ಯಾಕ್ಟೈಡ್ ಮಾಡಿ ಶುದ್ಧಿಗೊಳಿಸುತ್ತಾರೆ. ಕೊನೆಗೆ ಉಂಗುರ ತೆರೆದು ಸರಪಳಿ ಕಟ್ಟುತ್ತಾರೆ. ಇಲ್ಲಿ ಲೆಕ್ಕಕ್ಕೂ ಅವಕಾಶವಿದೆ. 180 ಗ್ರಾಂ ಗ್ಲೂಕೋಸ್‌ನಿಂದ 180 ಗ್ರಾಂ ಲ್ಯಾಕ್ಟಿಕ್ ಆಮ್ಲ, ಅದರಿಂದ 36 ಗ್ರಾಂ ನೀರು ಹೋಗಿ 144 ಗ್ರಾಂ ಲ್ಯಾಕ್ಟೈಡ್. ಎಂದರೆ 100 ಕಿಲೊ ಗ್ಲೂಕೋಸ್‌ಗೆ ಹೆಚ್ಚೆಂದರೆ 80 ಕಿಲೊ ಪ್ಲಾಸ್ಟಿಕ್. ಕಾರ್ಖಾನೆಯಲ್ಲಿ ಇದಕ್ಕಿಂತ ಕಡಿಮೆಯೇ ಸಿಗುತ್ತದೆ.

ಪಿಎಲ್‌ಎ ಪಾರದರ್ಶಕ, ಗಡಸು, ಸ್ವಲ್ಪ ಪೆಡಸು. 150ರಿಂದ 180 ಡಿಗ್ರಿಯಲ್ಲಿ ಕರಗುತ್ತದೆ, ಆದರೆ 55ರಿಂದ 60 ಡಿಗ್ರಿಗೇ ಮೆತ್ತಗಾಗುತ್ತದೆ. ತಣ್ಣೀರಿಗೆ ಸರಿ, ಕುದಿಯುವ ಚಹಾಕ್ಕೆ ಅಲ್ಲ. ಹುಡುಗನ ಪ್ರಶ್ನೆಗೆ ಉತ್ತರವೂ ಈ 60 ಡಿಗ್ರಿಯ ಹತ್ತಿರವೇ ಇದೆ. ವಸ್ತು ಮೆತ್ತಗಾದಾಗ ನೀರು ಸರಪಳಿಗಳ ನಡುವೆ ನುಸುಳಿ ಎಸ್ಟರ್ ಕೊಂಡಿಗಳನ್ನು ಬೇಗ ಕತ್ತರಿಸುತ್ತದೆ. ತುಂಡುಗಳು ಸಾಕಷ್ಟು ಚಿಕ್ಕವಾದ ಮೇಲೆ ಸೂಕ್ಷ್ಮಜೀವಿಗಳು ಅವನ್ನು ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುತ್ತವೆ. ಇದಕ್ಕೆ ಶಾಖ, ತೇವ, ಸೂಕ್ಷ್ಮಜೀವಿ ಮೂರೂ ಒಟ್ಟಿಗೆ, ವಾರಗಟ್ಟಲೆ ಇರಬೇಕು. ನಮ್ಮ ತಿಪ್ಪೆ ಒಳಗೆ ಬಿಸಿಯಾಗುತ್ತದೆ, ಆದರೆ ಅಷ್ಟು ಶಾಖ ಅಷ್ಟು ದಿನ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಮೇಲೆಲ್ಲ ಒಣಗುತ್ತದೆ. ಅದಕ್ಕೇ ದಂಟು ಗೊಬ್ಬರವಾಯಿತು, ಲೋಟ ಉಳಿಯಿತು. ನಮ್ಮ ದೇಶದಲ್ಲಿ ಇಂಥ ವಸ್ತುವಿಗೆ ಐಎಸ್/ಐಎಸ್ಒ 17088 ಎಂಬ ಮಾನದಂಡವಿದೆ. ಅದು ಅಳೆಯುವುದೂ ಕಾರ್ಖಾನೆಯ ಬಿಸಿ ಗೊಬ್ಬರ ಘಟಕದಲ್ಲಿ ಏನಾಗುತ್ತದೆ ಎಂಬುದನ್ನು, ಅಜ್ಜನ ತಿಪ್ಪೆಯಲ್ಲಿ ಏನಾಗುತ್ತದೆ ಎಂಬುದನ್ನಲ್ಲ.

ಆದ್ದರಿಂದ ಸಸ್ಯದಿಂದ ಬಂದದ್ದು ಎಂಬುದೂ ಕೊಳೆಯುತ್ತದೆ ಎಂಬುದೂ ಬೇರೆ ಬೇರೆ ಮಾತು. ವಸ್ತು ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದರ ಕೊಂಡಿ ಯಾವುದು, ಎಲ್ಲಿ ಬಿದ್ದಿದೆ ಎನ್ನುವುದು ಮುಖ್ಯ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ಮೇಲೆ ದೇಶದಲ್ಲೆಲ್ಲ ನಿಷೇಧ ಬಂತು. ಬದಲಿಗೆ ಜೋಳದ ಲೋಟ ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳುವಂತಿಲ್ಲ. ಅದನ್ನು ಬೇರೆ ಕೂಡಿಡಬೇಕು, ಬಿಸಿ ಗೊಬ್ಬರ ಘಟಕಕ್ಕೆ ಮುಟ್ಟಿಸಬೇಕು. ಇನ್ನೊಂದು ಮಾತನ್ನು ಒಬ್ಬ ಹುಡುಗಿ ಎತ್ತಿದಳು: ಮಳೆ ಕಡಿಮೆಯಾದ ವರ್ಷ ಜೋಳ ಹೊಟ್ಟೆಗೋ, ಲೋಟಕ್ಕೋ? ಇಂಡಿ ಸೀಮೆಯ ಮಕ್ಕಳಿಗೆ ಈ ಪ್ರಶ್ನೆಯನ್ನು ಯಾರೂ ಕಲಿಸಬೇಕಿಲ್ಲ. ಕಬ್ಬಿನ ಸಿಪ್ಪೆಯಂಥ ಉಳಿಕೆಯಿಂದ ಸಕ್ಕರೆ ತೆಗೆದು ಲ್ಯಾಕ್ಟಿಕ್ ಆಮ್ಲ ಮಾಡುವ ಪ್ರಯತ್ನಗಳಿವೆ ಎಂದೆ. ಹೊಲದ ಮುತ್ತುಗದ ಎಲೆಯ ಪತ್ರಾವಳಿ ಸಾಲದೇ ಎಂದು ಮತ್ತೊಬ್ಬ ಕೇಳಿದ. ಊಟಕ್ಕೆ ಸಾಕು ಎಂದು ಒಪ್ಪಿದೆ.

ತರಗತಿಯಲ್ಲಿ ಮಾಡಿದ್ದು

ಮೂರನೆಯ ಅವಧಿಯಲ್ಲಿ ಇದನ್ನೆಲ್ಲ ಹಲಗೆಯ ಮೇಲೆ ಬರೆಯುವ ಬದಲು ಮಕ್ಕಳನ್ನೇ ಅಣು ಮಾಡಿದೆ. ಬಲಗೈ ಆಲ್ಕೊಹಾಲ್ ಗುಂಪು, ಎಡಗೈ ಆಮ್ಲದ ಗುಂಪು. ಪ್ರತಿಯೊಬ್ಬರೂ ಲ್ಯಾಕ್ಟಿಕ್ ಆಮ್ಲ. ಒಬ್ಬರ ಬಲಗೈ ಇನ್ನೊಬ್ಬರ ಎಡಗೈ ಹಿಡಿದಾಗಲೆಲ್ಲ ಒಂದು ಹರಳನ್ನು ಬಕೆಟ್ಟಿಗೆ ಹಾಕಬೇಕು. ಹರಳು ಎಂದರೆ ನೀರಿನ ಅಣು. ಯಾರಾದರೂ ಬಕೆಟ್ಟಿನಿಂದ ಹರಳು ತೆಗೆದು ತಂದರೆ ಒಂದು ಕೊಂಡಿ ಬಿಡಿಸಬೇಕು. ಬಕೆಟ್ಟು ಪಕ್ಕದಲ್ಲೇ ಇದ್ದಾಗ ಸರಪಳಿ ಬೆಳೆಯಲಿಲ್ಲ. ಹೊರಗೆ ಕಟ್ಟೆಯ ಮೇಲಿಟ್ಟು ಬಂದಾಗ ಬೆಳೆಯಿತು. ಕ್ಯಾರೊದರ್ಸ್ ನೀರನ್ನು ಸೆಳೆದುಹಾಕಿದ್ದೇಕೆ ಎಂದು ನಾನು ವಿವರಿಸಬೇಕಾಗಲಿಲ್ಲ.

ಆಮೇಲೆ ಇಬ್ಬಿಬ್ಬರು ಎದುರುಬದುರು ನಿಂತು ಎರಡೂ ಕೈ ಹಿಡಿದು ಉಂಗುರವಾದರು. ಪ್ರತಿ ಜೋಡಿ ಎರಡೆರಡು ಹರಳು ಕೊಟ್ಟಿತು. ಬಳಿಕ ಪ್ರತಿ ಉಂಗುರ ಒಂದು ಕಡೆ ಕೈ ಬಿಟ್ಟು ಪಕ್ಕದ ಉಂಗುರದ ಕೈ ಹಿಡಿದಾಗ ಕೋಣೆಯ ಉದ್ದಕ್ಕೂ ಸರಪಳಿಯಾಯಿತು. ಈ ಬಾರಿ ಹರಳೇ ಬೇಕಾಗಲಿಲ್ಲ. ಕಾರ್ಖಾನೆಗಳು ಲ್ಯಾಕ್ಟೈಡ್ ಉಂಗುರದ ದಾರಿಯನ್ನೇ ಹಿಡಿಯುವುದು ಇದಕ್ಕಾಗಿ.

ಗೃಹಪಾಠದ ಬದಲು ಒಂದು ಚಟುವಟಿಕೆ ಕೊಟ್ಟೆ. 10 ಗ್ರಾಂ ಗೋವಿನಜೋಳದ ಪಿಷ್ಟ, ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವುದು, 60 ಮಿಲಿಲೀಟರ್ ನೀರು, ವಿನೆಗರ್ ಮತ್ತು ಗ್ಲಿಸರಿನ್ ತಲಾ 5 ಮಿಲಿಲೀಟರ್. ಸಣ್ಣ ಉರಿಯಲ್ಲಿ ಕಲಕುತ್ತ ಕಾಯಿಸಿದರೆ ಗಂಜಿ ಗಟ್ಟಿಯಾಗಿ ತಿಳಿಯಾಗುತ್ತದೆ. ತಟ್ಟೆಗೆ ತೆಳ್ಳಗೆ ಹರಡಿ ಒಂದೆರಡು ದಿನ ಒಣಗಿಸಿದರೆ ಹಾಳೆ ಏಳುತ್ತದೆ. ವಿನೆಗರ್ ಪಿಷ್ಟದ ಕವಲೊಡೆದ ಸರಪಳಿಗಳನ್ನು ಸ್ವಲ್ಪ ಮುರಿದು ಸಮವಾಗಿ ಹರಡಲು ನೆರವಾಗುತ್ತದೆ, ಗ್ಲಿಸರಿನ್ ಹಾಳೆಗೆ ಬಾಗುವ ಗುಣ ಕೊಡುತ್ತದೆ. ಗ್ಲಿಸರಿನ್ ಇಲ್ಲದೆ ಇನ್ನೊಂದು ಮಾಡಿದರೆ ಅದು ಹಪ್ಪಳದಂತೆ ಮುರಿಯುತ್ತದೆ, ವ್ಯತ್ಯಾಸ ಕೈಗೇ ತಿಳಿಯುತ್ತದೆ. ಕಾಯಿಸುವಾಗ ಶಿಕ್ಷಕರು ಪಕ್ಕದಲ್ಲಿರಬೇಕು. ಇದು ಪಿಎಲ್‌ಎ ಅಲ್ಲ, ಪಿಷ್ಟದ ಹಾಳೆ ಎಂಬುದನ್ನು ಮಾತ್ರ ಮಕ್ಕಳಿಗೆ ಸ್ಪಷ್ಟಪಡಿಸಬೇಕು.

ಶಾಲೆಯ ಕೈತೋಟದಲ್ಲಿ ಮೂರು ಕುಣಿ ತೋಡಿದೆವು. ಒಂದರಲ್ಲಿ ಪಿಷ್ಟದ ಹಾಳೆ, ಒಂದರಲ್ಲಿ ಹಾಲಿನ ಪಾಕೀಟಿನ ಚೂರು, ಒಂದರಲ್ಲಿ ಆ ಲೋಟ. ಪಿಷ್ಟದ ಹಾಳೆ ನನ್ನ ಬೋಧನಾಭ್ಯಾಸ ಮುಗಿಯುವ ಮೊದಲೇ ಮಣ್ಣಿನಲ್ಲಿ ಗುರುತು ಸಿಗದಂತಾಯಿತು. ಉಳಿದ ಎರಡು ಹಾಗೆಯೇ ಇದ್ದವು. ಲೋಟದ ಕುಣಿಯ ಮೇಲೆ ದಿನಾಂಕ ಬರೆದ ಕಡ್ಡಿ ನೆಟ್ಟಿದ್ದೇವೆ. ಪ್ರತಿ ಮೂರು ತಿಂಗಳಿಗೊಮ್ಮೆ ತೆಗೆದು ತೂಕ ಮಾಡಿ ಬರೆದಿಡುವ ಹೊಣೆಯನ್ನು ಆ ಹುಡುಗನೇ ವಹಿಸಿಕೊಂಡಿದ್ದಾನೆ. ಮುಂದಿನ ವರ್ಷ ಆ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಅವನ ಪುಸ್ತಕವನ್ನು ಕೇಳಿ ನೋಡಬೇಕು.